ಕಲಾವಿದರ ವೆಬ್‌ಸೈಟ್ ನೋಡಿ ನೋಡಿ ಮಾವನಿಗೊಂದು ಸೈಟ್ ಕಟ್ಟಿದ್ದು

ನನ್ನ ಸೋದರಮಾವ ಮೈಸೂರು ಸಾಂಪ್ರದಾಯಿಕ ಶೈಲಿಯಲ್ಲಿ ಚಿತ್ರ ಬರೆಯುತ್ತಾರೆ. ಲೇಪ ಹಚ್ಚಿ ಉಬ್ಬು ತರುವ ಗೆಸ್ಸೋ ಕೆಲಸ, ಚಿನ್ನದ ರೇಕು ಅಂಟಿಸುವುದು, ಕೂದಲೆಳೆಯಂಥ ಕುಂಚದ ಗೆರೆ, ಎಲ್ಲ ಅವರದೇ ಕೈ. ಅವರ ವೆಬ್‌ಸೈಟ್ ಕಳೆದ ವಾರ ಎಲ್ಲರಿಗೂ ಕಾಣುವ ಹಾಗಾಯಿತು. ಕಟ್ಟಿದ್ದು ನಾನು. ನಾನು ಓದಿದ್ದು ಬಿಕಾಂ, ಮಾಡುವುದು ಲೆಕ್ಕಪತ್ರದ ಕೆಲಸ. ವೆಬ್ ಡಿಸೈನ್ ಕಲಿಯಲು ಯಾವ ತರಗತಿಗೂ ಹೋಗಲಿಲ್ಲ. ಬೇರೆ ಕಲಾವಿದರ ವೆಬ್‌ಸೈಟ್‌ಗಳನ್ನು ತೆರೆದು, ಒಳಗೆ ಇಣುಕಿ, ಅಳೆದು, ಬರೆದಿಟ್ಟುಕೊಂಡು ಕಲಿತೆ. ಸಂಜೆ ಮತ್ತು ಭಾನುವಾರಗಳಲ್ಲೇ ಮಾಡಿದ್ದರಿಂದ ಅರ್ಧ ವರ್ಷಕ್ಕಿಂತ ಜಾಸ್ತಿ ಹಿಡಿಯಿತು. ಮನೆಯಲ್ಲಿ ಚಿತ್ರ ಬರೆಯುವವರು, ಶಿಲ್ಪ ಕೆತ್ತುವವರು, ಬೀಟೆ ಮರದ ಇನ್‌ಲೇ ಕೆಲಸ ಮಾಡುವವರು ಇದ್ದರೆ ನೀವೂ ಇದೇ ದಾರಿ ಹಿಡಿಯಬಹುದು. ನಾನು ಸುಮ್ನೆ ಅಲೆದಾಡಿದ ಕಡೆ ನೀವು ಅಲೆದಾಡುವುದು ತಪ್ಪಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮಾವನಿಗೆ ಮೊದಲೂ ಒಂದು ಸೈಟ್ ಇತ್ತು. ಒಬ್ಬರು ದುಡ್ಡು ತೆಗೆದುಕೊಂಡು ಮಾಡಿಕೊಟ್ಟಿದ್ದರು. ಆದರೆ ಡೊಮೈನ್ ಅನ್ನು, ಅಂದರೆ ಸೈಟಿನ ವಿಳಾಸವನ್ನು, ತಮ್ಮ ಹೆಸರಿನಲ್ಲೇ ನೋಂದಾಯಿಸಿಕೊಂಡಿದ್ದರು. ಸ್ವಲ್ಪ ಕಾಲದ ಮೇಲೆ ಫೋನ್ ಎತ್ತುವುದು ಬಿಟ್ಟರು. ನವೀಕರಣದ ದಿನ ಕಳೆಯಿತು, ಸೈಟ್ ಹೋಯಿತು. ಡಾಟ್ ಕಾಮ್ ಹೆಸರು ಅವಧಿ ಮುಗಿದ ತಕ್ಷಣ ಕೈ ತಪ್ಪುವುದಿಲ್ಲ. ಮೊದಲು ನೋಂದಣಿ ಕಂಪನಿ ಸ್ವಲ್ಪ ಸಮಯ ಕೊಡುತ್ತದೆ. ಆಮೇಲೆ 30 ದಿನ ದಂಡ ಕಟ್ಟಿ ಬಿಡಿಸಿಕೊಳ್ಳುವ ಅವಕಾಶ ಇರುತ್ತದೆ. ಅದೂ ಮುಗಿದ ಮೇಲೆ ಇನ್ನೂ 5 ದಿನ ತಡೆದು ಅದನ್ನು ಅಳಿಸುತ್ತಾರೆ. ಆಮೇಲೆ ಯಾರು ಬೇಕಾದರೂ ಕೊಳ್ಳಬಹುದು. ಆದರೆ ಬಿಡಿಸಿಕೊಳ್ಳುವ ಹಕ್ಕು ಇರುವುದು ಹೆಸರು ನೋಂದಾಯಿಸಿದವರಿಗೆ ಮಾತ್ರ. ನೋಂದಣಿ ಮಾವನ ಹೆಸರಿನಲ್ಲಿ ಇರಲಿಲ್ಲ. ಕಾದೆವು. ಕೊನೆಗೆ ಯಾರೋ ಹೊರಗಿನವರು ಕೊಂಡುಕೊಂಡರು. ಆ ಹಳೆಯ ವಿಳಾಸ ಹೊಡೆದರೆ ಈಗಲೂ ಜಾಹೀರಾತಿನ ಪುಟ ಬರುತ್ತದೆ. ಅದನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ನೀವು ಯಾರಿಂದಲೇ ಸೈಟ್ ಮಾಡಿಸಿ, ಡೊಮೈನ್ ಮಾತ್ರ ಕಲಾವಿದರ ಹೆಸರಿನಲ್ಲಿ, ಕಲಾವಿದರ ಇಮೇಲ್‌ನಲ್ಲಿ ಇರಬೇಕು. ಇದೊಂದನ್ನು ಮೊದಲ ದಿನವೇ ಕೇಳಿ.

ಹಳೆಯ ಸೈಟಿನ ಬರಹ ಒಂದಿಷ್ಟು ಉಳಿದಿದ್ದು ಇಂಟರ್ನೆಟ್ ಆರ್ಕೈವ್ ಸಂಸ್ಥೆಯ ವೇಬ್ಯಾಕ್ ಮೆಷಿನ್‌ನಲ್ಲಿ. ಅಲ್ಲಿ ಹಳೆಯ ವಿಳಾಸ ಹಾಕಿದರೆ ಯಾವ ದಿನಾಂಕದಂದು ಪುಟ ಹೇಗಿತ್ತು ಎಂದು ತೋರಿಸುತ್ತದೆ. ಮಾವನ ಪರಿಚಯದ ಪುಟ ಸಿಕ್ಕಿತು. ಚಿತ್ರಗಳು ಮಾತ್ರ ಬಹಳಷ್ಟು ಸಿಗಲಿಲ್ಲ.

ಹೊಸದು ಮಾಡಿಸಲು ಕೇಳಿದರೆ ಒಂದೊಂದು ಕಡೆ ಒಂದೊಂದು ಬೆಲೆ. ಮತ್ತೆ ಅದೇ ಕಥೆ ಆದರೆ ಏನು ಗತಿ ಎಂಬ ಭಯ ಬೇರೆ. ನಾನೇ ಕಲಿಯೋಣ ಎಂದು ತರಬೇತಿ ಕೇಂದ್ರವೊಂದರಲ್ಲಿ ವಿಚಾರಿಸಿದೆ. ಶುಲ್ಕ ನನ್ನ ಒಂದೂವರೆ ತಿಂಗಳ ಸಂಬಳದಷ್ಟಿತ್ತು, ತರಗತಿ ಇದ್ದದ್ದು ಕೆಲಸದ ಹೊತ್ತಿನಲ್ಲಿ. ಮನೆಗೆ ಬಂದು, ದೊಡ್ಡ ಕಲಾವಿದರೆಲ್ಲ ತಮ್ಮ ಸೈಟ್ ಹೇಗೆ ಇಟ್ಟುಕೊಂಡಿದ್ದಾರೆ ನೋಡೋಣ ಎಂದು ಲ್ಯಾಪ್‌ಟಾಪ್ ತೆರೆದೆ.

ಮೊದಲ ಕೆಲವು ವಾರ ಬರೀ ನೋಡಿದೆ. ಎಷ್ಟು ಚೆನ್ನಾಗಿದೆ ಅನ್ನಿಸುತ್ತಿತ್ತು, ಮುಂದಿನದಕ್ಕೆ ಹೋಗುತ್ತಿದ್ದೆ. ಕೈಗೆ ಏನೂ ಹತ್ತಲಿಲ್ಲ. ಒಂದು ಭಾನುವಾರ ಮಾವನ ಮನೆಯಲ್ಲಿ ಇದನ್ನೇ ಹೇಳಿದೆ. ಅವರು ಕುಂಚ ತೊಳೆಯುತ್ತಾ ಹೇಳಿದರು: "ಪುಟ್ಟಿ, ನಮ್ಮ ಗುರುಗಳು ಮೊದಲ ವರ್ಷ ಇಡೀ ಚಿತ್ರ ಬರೆಯೋಕೇ ಬಿಡ್ಲಿಲ್ಲ. ಬೆರಳು ಬರಿ, ಕಣ್ಣು ಬರಿ, ಸೀರೆ ನೆರಿಗೆ ಬರಿ ಅಂದ್ರು. ನೀನೂ ಇಡೀ ಸೈಟ್ ನೋಡ್ಬೇಡ. ಒಂದು ಸಲಕ್ಕೆ ಒಂದೇ ಭಾಗ ನೋಡು."

ಅಲ್ಲಿಂದ ನನ್ನ ಕಲಿಕೆ ದಾರಿಗೆ ಬಂತು. ಒಂದು ನೋಟ್‌ಬುಕ್ ತೆಗೆದುಕೊಂಡೆ. ಒಂದು ವಾರ ಚಿತ್ರದ ಕೆಳಗಿನ ವಿವರ ಮಾತ್ರ ನೋಡುವುದು. ಇನ್ನೊಂದು ವಾರ ಮೆನು ಮಾತ್ರ. ಮತ್ತೊಂದು ವಾರ ಚಿತ್ರದ ಸುತ್ತ ಎಷ್ಟು ಜಾಗ ಬಿಟ್ಟಿದ್ದಾರೆ ಎಂಬುದು ಮಾತ್ರ. ಸೈಟ್ ತೆರೆದ ಮೇಲೆ ಮೊದಲ ಚಿತ್ರ ಕಾಣಲು ಎಷ್ಟು ಸಲ ಒತ್ತಬೇಕು? ಸಂಪರ್ಕದ ವಿವರ ಎಲ್ಲಿದೆ? ಒಂದು ಚಿತ್ರದಿಂದ ಮುಂದಿನ ಚಿತ್ರಕ್ಕೆ ಹೋಗುವುದು ಹೇಗೆ? ಇದನ್ನೆಲ್ಲ ಬರೆದುಕೊಂಡೆ.

ಚಿತ್ರದ ವಿವರ ಹೇಗೆ ಬರೆಯಬೇಕು ಎಂದು ಕಲಿತದ್ದು ಜರ್ಮನಿಯ ಗೆರ್ಹಾರ್ಡ್ ರಿಕ್ಟರ್ ಅವರ ಸೈಟಿನಿಂದ. ಅಲ್ಲಿ ಚಿತ್ರದ ಹೆಸರು, ವರ್ಷ, ಸೆಂಟಿಮೀಟರಿನಲ್ಲಿ ಅಳತೆ, ಮಾಧ್ಯಮ, ಪಟ್ಟಿಯಲ್ಲಿನ ಸಂಖ್ಯೆ, ಎಲ್ಲವೂ ಒಂದೇ ಕ್ರಮದಲ್ಲಿ ಇರುತ್ತದೆ. ಸಾವಿರಾರು ಕೃತಿಗಳಿದ್ದರೂ ಗೊಂದಲ ಇಲ್ಲ. ಇಂಗ್ಲೆಂಡಿನ ಡೇವಿಡ್ ಹಾಕ್ನಿ ಅವರ ಸೈಟಿನಲ್ಲಿ ಕೃತಿಗಳನ್ನು ಮಾಧ್ಯಮದ ಪ್ರಕಾರ, ಕಾಲದ ಪ್ರಕಾರ ಬೇರೆ ಬೇರೆ ಇಟ್ಟಿದ್ದಾರೆ. ಇವೆರಡನ್ನೂ ನೋಡಿದ ಮೇಲೆ ನಾನು ಮೊದಲು ಮಾಡಿದ ಕೆಲಸಕ್ಕೂ ಕಂಪ್ಯೂಟರಿಗೂ ಸಂಬಂಧವೇ ಇರಲಿಲ್ಲ. ಮಾವನ ಹಳೆಯ ಡೈರಿಗಳನ್ನು ತೆಗೆದು ಪಟ್ಟಿ ಮಾಡಿದೆ. ಯಾವ ಚಿತ್ರ, ಯಾವ ವರ್ಷ, ಎಷ್ಟು ಅಳತೆ, ಈಗ ಯಾರ ಮನೆಯಲ್ಲಿದೆ. ಡೈರಿಯಲ್ಲಿ ಎಲ್ಲ ಅಡಿ, ಅಂಗುಲದ ಲೆಕ್ಕ. ಅಂಗುಲಕ್ಕೆ 2.54 ಸೆಂಟಿಮೀಟರಿನಂತೆ ಬದಲಾಯಿಸಿ ಎರಡನ್ನೂ ಬರೆದೆ. ಕೆಲವು ಚಿತ್ರಗಳಿಗೆ ಇಸವಿಯೇ ಇರಲಿಲ್ಲ. ಅತ್ತೆಯೂ ಮಾವನೂ ಕೂತು, ಅದು ಮಗಳ ಮದುವೆಗೆ ಮುಂಚಿನದೋ ಆಮೇಲಿನದೋ ಎಂದು ನೆನಪು ಮಾಡಿಕೊಂಡು ಹೇಳಿದರು. ಈ ಪಟ್ಟಿಗೇ ತಿಂಗಳುಗಟ್ಟಲೆ ಹಿಡಿಯಿತು. ನೀವು ಬೇರೆ ಏನು ಮಾಡುವ ಮೊದಲೂ ಇದನ್ನು ಮಾಡಿ. ಪಟ್ಟಿ ಇಲ್ಲದೆ ಮೆನು ಏನಿರಬೇಕು ಎಂದೇ ಗೊತ್ತಾಗುವುದಿಲ್ಲ.

ಇನ್ನು ಸೈಟಿನ ಒಳಗೆ ಇಣುಕುವ ವಿಷಯ. ಕಂಪ್ಯೂಟರಿನಲ್ಲಿ ಯಾವುದೇ ಪುಟದ ಮೇಲೆ ಮೌಸಿನ ಬಲಗಡೆಯ ಬಟನ್ ಒತ್ತಿ ಇನ್‌ಸ್ಪೆಕ್ಟ್ ಎಂದರೆ ಆ ಪುಟದ ಎಚ್‌ಟಿಎಂಎಲ್ (ಪುಟದಲ್ಲಿ ಏನಿದೆ ಎಂದು ಹೇಳುವ ಕೋಡ್), ಸಿಎಸ್‌ಎಸ್ (ಅದು ಹೇಗೆ ಕಾಣಬೇಕು ಎಂದು ಹೇಳುವ ಕೋಡ್) ಎರಡೂ ಪಕ್ಕದಲ್ಲಿ ತೆರೆದುಕೊಳ್ಳುತ್ತವೆ. ಸಿಎಸ್‌ಎಸ್‌ನ ಒಂದು ಸಾಲಿನ ಮುಂದಿರುವ ಟಿಕ್ ತೆಗೆದರೆ ಪುಟದಲ್ಲಿ ಏನು ಬದಲಾಯಿತು ಎಂದು ಅಲ್ಲೇ ಕಾಣುತ್ತದೆ. ನಿಜವಾದ ಸೈಟಿಗೆ ಏನೂ ಆಗುವುದಿಲ್ಲ, ನಿಮ್ಮ ಪರದೆಯ ಮೇಲೆ ಮಾತ್ರ ಬದಲಾವಣೆ. ಹಾಗಾಗಿ ಹೆದರಬೇಡಿ. ನನಗೆ ಪುಸ್ತಕಕ್ಕಿಂತ ಹೆಚ್ಚು ಕಲಿಸಿದ್ದು ಈ ಟಿಕ್ ತೆಗೆದು ಹಾಕುವ ಕೆಲಸ.

ಆದರೆ ಎಲ್ಲ ಸೈಟುಗಳ ಒಳಗೂ ಓದಲು ಬರುವಂಥದ್ದು ಇರುವುದಿಲ್ಲ. ಶುರುವಿನಲ್ಲಿ ನಾನು ತೆರೆದ ಹಲವು ಸೈಟುಗಳ ಒಳಗೆ ಸಾಲು ಸಾಲು ಗೋಜಲು. ಇದು ನನ್ನಿಂದ ಆಗುವ ಕೆಲಸವೇ ಅಲ್ಲ ಅನ್ನಿಸಿ ಕೆಲವು ದಿನ ಬಿಟ್ಟೇ ಬಿಟ್ಟಿದ್ದೆ. ಆಮೇಲೆ ಗೊತ್ತಾಯಿತು, ಅವು ವಿಕ್ಸ್, ಸ್ಕ್ವೇರ್‌ಸ್ಪೇಸ್‌ನಂಥ ರೆಡಿಮೇಡ್ ಸೇವೆಗಳಲ್ಲಿ ಮಾಡಿದವು. ಅಲ್ಲಿ ಕೋಡ್ ಬರೆಯುವುದು ಯಂತ್ರ, ಅದು ಮನುಷ್ಯರು ಓದಲಿ ಎಂದು ಬರೆದದ್ದಲ್ಲ. ಸ್ಕ್ವೇರ್‌ಸ್ಪೇಸ್ ಸೈಟಿನ ಸೋರ್ಸ್ (ಪುಟದ ಮೂಲ ಕೋಡ್) ತೆರೆದರೆ ಮೇಲ್ಗಡೆಯೇ ಇದು ಸ್ಕ್ವೇರ್‌ಸ್ಪೇಸ್ ಎಂದು ಬರೆದಿರುತ್ತದೆ. ವರ್ಡ್‌ಪ್ರೆಸ್ ಆದರೆ ಚಿತ್ರಗಳ ವಿಳಾಸದಲ್ಲಿ ಡಬ್ಲ್ಯೂಪಿ-ಕಂಟೆಂಟ್ ಎಂಬುದು ಬರುತ್ತದೆ. ಇಂಥ ಸೈಟುಗಳಲ್ಲಿ ಅಂದ ನೋಡಿ, ಅಳತೆ ನೋಡಿ, ಕೋಡ್ ಓದಲು ಹೋಗಬೇಡಿ. ಕೈಯಲ್ಲೇ ಬರೆದ ಚಿಕ್ಕ ಸೈಟುಗಳನ್ನು ಹುಡುಕಿ.

ಒಳಗೆ ಇಣುಕುವುದರ ಬಗ್ಗೆ ಹೇಳುವಾಗ ಒಂದು ಕೃತಿಯನ್ನು ಬಿಡಲಾರೆ. ಯೋನ್ ಹೇಮ್‌ಸ್ಕರ್ಕ್ ಮತ್ತು ಡರ್ಕ್ ಪೇಸ್ಮನ್ಸ್ ಎಂಬ ಇಬ್ಬರು ಕಲಾವಿದರು ಜೋಡಿ (JODI) ಎಂಬ ಹೆಸರಿನಲ್ಲಿ 1995ರ ಹೊತ್ತಿಗೆ ಮಾಡಿದ ವೆಬ್ ಪುಟ ಅದು. ತೆರೆದರೆ ಕಪ್ಪು ಹಿನ್ನೆಲೆಯಲ್ಲಿ ಹಸಿರು ಚಿಹ್ನೆಗಳ ರಾಶಿ, ಏನೂ ಅರ್ಥವಾಗುವುದಿಲ್ಲ. ಅದೇ ಪುಟದ ಸೋರ್ಸ್ ತೆರೆದರೆ ಆ ಚಿಹ್ನೆಗಳೆಲ್ಲ ಸೇರಿ ಒಂದು ಬಾಂಬಿನ ನಕ್ಷೆಯಾಗಿ ಕಾಣುತ್ತವೆ! ಕಾರಣ ಇಷ್ಟೇ. ನಾವು ಹೊಡೆದ ಸಾಲು ಮುರಿತವನ್ನು, ಖಾಲಿ ಜಾಗವನ್ನು ಎಚ್‌ಟಿಎಂಎಲ್ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಎಲ್ಲವನ್ನೂ ಒಂದೇ ಸಾಲಿಗೆ ಎಳೆದು ಹಾಕುತ್ತದೆ. ಮಾವನ ಪರಿಚಯದ ಬರಹದಲ್ಲಿ ನಾನು ಎಂಟರ್ ಹೊಡೆದರೂ ಪುಟದಲ್ಲಿ ಸಾಲು ಯಾಕೆ ಬೇರೆಯಾಗುವುದಿಲ್ಲ ಎಂದು ತಲೆ ಕೆಡಿಸಿಕೊಂಡಿದ್ದೆ. ಆ ಕೃತಿ ನೋಡಿದ ದಿನ ಅದು ಬಗೆಹರಿಯಿತು. ಇಬ್ಬರು ಕಲಾವಿದರು ಇಷ್ಟು ವರ್ಷದ ಹಿಂದೆ ಮಾಡಿದ್ದು ಮೈಸೂರಿನಲ್ಲಿ ಕೂತ ನನಗೆ ಪಾಠ ಹೇಳಿತಲ್ಲ ಎಂದು ಬಹಳ ಖುಷಿಯಾಯಿತು.

ಇನ್ನೊಂದು ಉಪಯೋಗದ ಸಂಗತಿ. ಫೈರ್‌ಫಾಕ್ಸ್ ಬ್ರೌಸರಿನಲ್ಲಿ ವ್ಯೂ ಮೆನುವಿನ ಒಳಗೆ ಪೇಜ್ ಸ್ಟೈಲ್ ಎಂದಿದೆ. ಅಲ್ಲಿ ನೋ ಸ್ಟೈಲ್ ಆರಿಸಿದರೆ ಪುಟದ ಅಲಂಕಾರ ಎಲ್ಲ ಕಳಚಿ ಬರೀ ಬರಹ, ಚಿತ್ರ, ಲಿಂಕ್ ಉಳಿಯುತ್ತವೆ. ಒಳ್ಳೆಯ ಸೈಟು ಹಾಗೆ ಕಳಚಿದರೂ ಮೇಲಿನಿಂದ ಕೆಳಗೆ ಓದಲು ಬರುತ್ತದೆ. ಇದನ್ನು ನೋಡಿದ ಮೇಲೆ ನಾನು ಮೊದಲು ಅಲಂಕಾರವೇ ಇಲ್ಲದ ಪುಟ ಬರೆದೆ. ಶೀರ್ಷಿಕೆ, ಚಿತ್ರ, ವಿವರ, ಫೋನ್ ನಂಬರ್. ಅದು ಸರಿಯಾಗಿ ಓದಿಸಿಕೊಳ್ಳುತ್ತದೆ ಎಂದಾದ ಮೇಲೆ ಸಿಎಸ್‌ಎಸ್ ಮುಟ್ಟಿದೆ. ಅಲಂಕಾರ ಬದಲಾದರೆ ಪುಟ ಎಷ್ಟು ಬದಲಾಗುತ್ತದೆ ಎಂದು ತಿಳಿಯಬೇಕಾದರೆ 2003ರಲ್ಲಿ ಶುರುವಾದ ಸಿಎಸ್‌ಎಸ್ ಝೆನ್ ಗಾರ್ಡನ್ ನೋಡಿ. ಅಲ್ಲಿ ಎಚ್‌ಟಿಎಂಎಲ್ ಒಂದೇ, ಸಿಎಸ್‌ಎಸ್ ಮಾತ್ರ ಬೇರೆ ಬೇರೆಯವರದು. ಒಂದಕ್ಕೊಂದು ಗುರುತೇ ಸಿಗುವುದಿಲ್ಲ.

ಹಳೆಯ ಸೈಟುಗಳಿಂದ ಕಲಿತ ಪಾಠವೂ ಇದೆ. ಒಂದು ಕಾಲದಲ್ಲಿ ಎಷ್ಟೋ ಕಲಾವಿದರ ಸೈಟುಗಳು ಫ್ಲ್ಯಾಶ್ ಎಂಬ, ಚಲಿಸುವ ಪುಟ ಮಾಡುವ ತಂತ್ರಾಂಶದಲ್ಲಿದ್ದವು. ಅಡೋಬಿ ಕಂಪನಿ 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್‌ನ ಬೆಂಬಲ ನಿಲ್ಲಿಸಿತು. ಆ ಸೈಟುಗಳನ್ನು ಈಗ ತೆರೆದರೆ ಖಾಲಿ ಚೌಕ. ಹಾಗಾಗಿ ಕುಣಿಯುವ, ತಿರುಗುವ ಯಾವುದನ್ನೂ ನಾನು ಹಾಕಲಿಲ್ಲ. ಸಾದಾ ಎಚ್‌ಟಿಎಂಎಲ್‌ನಲ್ಲಿ ಬರೆದ ತೊಂಬತ್ತರ ದಶಕದ ಪುಟಗಳು ಇವತ್ತಿಗೂ ತೆರೆದುಕೊಳ್ಳುತ್ತವೆ.

ನಿಜವಾದ ಕಷ್ಟ ಶುರುವಾಗಿದ್ದು ಫೋಟೋ ತೆಗೆಯುವಾಗ. ಚಿನ್ನದ ರೇಕಿನ ಕೆಲಸವನ್ನು ಫೋಟೋದಲ್ಲಿ ಹಿಡಿಯುವುದು ಅಷ್ಟು ಸುಲಭ ಅಲ್ಲ. ಕ್ಯಾಮೆರಾದ ಫ್ಲ್ಯಾಶ್ ಬೆಳಕು ಹಾಕಿದರೆ ರಾಮನ ಕಿರೀಟ ಬರೀ ಬಿಳಿ ಚುಕ್ಕೆ. ಹಾಕದಿದ್ದರೆ ಚಿನ್ನ ಕಂದು ಬಣ್ಣಕ್ಕೆ ತಿರುಗಿ ಮಂಕಾಗುತ್ತದೆ. ಕ್ಯಾಮೆರಾ ಗೊತ್ತಿರುವವರು ಪೋಲರೈಸಿಂಗ್ ಫಿಲ್ಟರ್ ಹಾಕಿ ಎಂದರು. ಅದು ಗಾಜಿನ ಹೊಳಪನ್ನು ಕಡಿಮೆ ಮಾಡುತ್ತದೆ, ಆದರೆ ಲೋಹದ ಹೊಳಪಿನ ಮೇಲೆ ಅಷ್ಟಾಗಿ ನಡೆಯುವುದಿಲ್ಲ. ಚಿನ್ನ ತನ್ನ ಎದುರಿಗೆ ಏನಿದೆಯೋ ಅದನ್ನೇ ತೋರಿಸುತ್ತದೆ. ಎದುರಿಗೆ ಕತ್ತಲೆ ಇದ್ದರೆ ಕಪ್ಪು, ಬೆಳಕಿದ್ದರೆ ಹೊಳಪು. ಇದು ತಿಳಿದ ಮೇಲೆ ದಾರಿ ಸಿಕ್ಕಿತು. ಕುವೆಂಪುನಗರದ ಮನೆಯ ಉತ್ತರ ದಿಕ್ಕಿನ ವರಾಂಡದಲ್ಲಿ, ಬಿಸಿಲು ನೇರವಾಗಿ ಬೀಳದ ಜಾಗದಲ್ಲಿ, ಚಿತ್ರವನ್ನು ನೆಟ್ಟಗೆ ನಿಲ್ಲಿಸಿದೆವು. ಗಾಜು ತೆಗೆದೆವು. ಒಂದು ಪಕ್ಕಕ್ಕೆ ದೊಡ್ಡ ಬಿಳಿ ಥರ್ಮಕೋಲ್ ಹಾಳೆಯನ್ನು ಅತ್ತೆ ಹಿಡಿದುಕೊಂಡರು. ಹಾಳೆಯನ್ನು ಸ್ವಲ್ಪ ಸ್ವಲ್ಪ ತಿರುಗಿಸಿದರೆ ರೇಕಿನ ಮೇಲೆ ಹೊಳಪು ಹರಿದಾಡುತ್ತದೆ. ಗೆಸ್ಸೋದ ಉಬ್ಬು ಚೆನ್ನಾಗಿ ಕಾಣುವ ಕೋನದಲ್ಲಿ ನಿಲ್ಲಿಸಿ ತೆಗೆದೆ. ಮೈಸೂರು ಶೈಲಿಯಲ್ಲಿ ಗೆಸ್ಸೋ ತಂಜಾವೂರಿನಷ್ಟು ದಪ್ಪ ಇರುವುದಿಲ್ಲ, ತೆಳುವು. ಪಕ್ಕದ ಬೆಳಕು ಇಲ್ಲದಿದ್ದರೆ ಅದು ಇದೆ ಎಂದೇ ಗೊತ್ತಾಗುವುದಿಲ್ಲ.

ಬಣ್ಣದ ತೊಂದರೆ ಬೇರೆ. ಫೋನು ತಾನಾಗಿಯೇ ಕೆಂಪು, ಹಸಿರುಗಳನ್ನು ಗಾಢ ಮಾಡುತ್ತದೆ. ಮಾವ ನೋಡಿ, "ಇದು ನನ್ನ ಹಸಿರಲ್ಲ" ಎಂದುಬಿಟ್ಟರು. ಚಿತ್ರದ ಪಕ್ಕ ಒಂದು ಬಿಳಿ ಕಾಗದ ಇಟ್ಟು ತೆಗೆದು, ಆಮೇಲೆ ಆ ಬಿಳಿಯನ್ನು ಆಧಾರವಾಗಿಟ್ಟುಕೊಂಡು ಸರಿಪಡಿಸಿ, ಕಾಗದದ ಭಾಗ ಕತ್ತರಿಸಿದೆ. ಕಲಾವಿದರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಇದನ್ನು ಮಾಡಿ. ಬಣ್ಣ ಸರಿ ಇದೆಯೋ ಇಲ್ಲವೋ ಹೇಳಬೇಕಾದವರು ಬರೆದವರೇ.

ಮಾರಾಟವಾದ ಚಿತ್ರಗಳ ವಿಷಯದಲ್ಲಿ ಕಾಗದಪತ್ರದ ಕೆಲಸ ಬಂತು. ಚಿತ್ರ ಬರೆದವರು ಮಾವ, ಹಾಗಾಗಿ ಹಕ್ಕೂ ಅವರದೇ ಎಂದು ನಾವೆಲ್ಲ ತಿಳಿದಿದ್ದೆವು. ಆದರೆ 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಯಾರಾದರೂ ಹೇಳಿ, ದುಡ್ಡು ಕೊಟ್ಟು ಬರೆಸಿದ ಚಿತ್ರಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆಸಿದವರೇ ಮೊದಲ ಹಕ್ಕುದಾರರು. ತಾನಾಗಿ ಬರೆದು ಆಮೇಲೆ ಮಾರಿದ್ದರೆ ಹಾಗಲ್ಲ, ಹಕ್ಕು ಕಲಾವಿದರಲ್ಲೇ ಉಳಿಯುತ್ತದೆ. ಮಾವನ ದೊಡ್ಡ ಕೆಲಸಗಳಲ್ಲಿ ಬಹಳಷ್ಟು ಹೇಳಿ ಬರೆಸಿದವು. ಹಾಗಾಗಿ ಒಂದು ಚಿಕ್ಕ ಪತ್ರ ಟೈಪ್ ಮಾಡಿದೆ. ಈ ಚಿತ್ರದ ಫೋಟೋವನ್ನು ಕಲಾವಿದರ ವೆಬ್‌ಸೈಟಿನಲ್ಲಿ ತೋರಿಸಲು ನನ್ನ ಒಪ್ಪಿಗೆ ಇದೆ, ನನ್ನ ಹೆಸರು ಹಾಕಬಹುದು ಅಥವಾ ಬೇಡ, ಇಷ್ಟೇ. ಹೆಚ್ಚಿನವರು ಸಂತೋಷದಿಂದ ಸಹಿ ಮಾಡಿದರು, ಕಾಫಿ ಕೊಟ್ಟು ಫೋಟೋ ತೆಗೆಯಲು ಬಿಟ್ಟರು. ಕೆಲವರು ಮನೆ ಬದಲಾಯಿಸಿದ್ದರು, ಸಿಗಲೇ ಇಲ್ಲ. ಆ ಚಿತ್ರಗಳನ್ನು ಬಿಟ್ಟೆವು. ಅದರಲ್ಲಿ ಮಾವ ತುಂಬ ಇಷ್ಟಪಟ್ಟು ಬರೆದ ಒಂದು ಗಿರಿಜಾ ಕಲ್ಯಾಣ ಇತ್ತು. ಅವರು ಏನೂ ಹೇಳಲಿಲ್ಲ, ಆದರೆ ಆ ದಿನ ಮುಖ ಸಪ್ಪಗಿತ್ತು. ಇನ್ನು ಮುಂದೆ ಚಿತ್ರ ಒಪ್ಪಿಕೊಳ್ಳುವಾಗಲೇ ಈ ಒಪ್ಪಿಗೆಯನ್ನು ಬರೆಸಿಕೊಳ್ಳುತ್ತೇವೆ. ನೀವೂ ಹಾಗೇ ಮಾಡಿ.

ಹಿನ್ನೆಲೆ ಬಣ್ಣಕ್ಕೆ ಮನೆಯಲ್ಲಿ ಚರ್ಚೆ ನಡೆಯಿತು. ನಾನು ನೋಡಿದ ಸೈಟುಗಳಲ್ಲಿ ಹೆಚ್ಚಿನವು ಬಿಳಿ. ಗ್ಯಾಲರಿ ಗೋಡೆಯ ಬಿಳಿ. ಆದರೆ ಬಿಳಿಯ ಮೇಲೆ ಮಾವನ ಚಿನ್ನ ಎದ್ದು ಕಾಣಲಿಲ್ಲ. ಜಗನ್ಮೋಹನ ಅರಮನೆಯಲ್ಲಿ ಎಸ್.ಎಲ್. ಹಲ್ದಣಕರ್ ಅವರ ದೀಪ ಹಿಡಿದ ಮಹಿಳೆಯ ಜಲವರ್ಣ ಚಿತ್ರವನ್ನು ನೋಡಿದ್ದೀರಲ್ವಾ? ಸುತ್ತ ಕತ್ತಲಿದ್ದಾಗ ಆ ದೀಪದ ಬೆಳಕು ಮುಖದ ಮೇಲೆ ನಿಜವಾಗಿ ಬಿದ್ದ ಹಾಗಿರುತ್ತದೆ. ಅದು ನೆನಪಾಗಿ ಗಾಢ ಹಿನ್ನೆಲೆ ಹಾಕಿ ನೋಡಿದೆ. ಚಿನ್ನ ಬೆಳಗಿತು. ಆದರೆ ಕಪ್ಪಿನ ಮೇಲೆ ಬಿಳಿ ಅಕ್ಷರದಲ್ಲಿ ಉದ್ದ ಬರಹ ಓದಲು ಅತ್ತೆಗೆ ಕಣ್ಣು ನೋವು ಬಂತು. ಕೊನೆಗೆ ಚಿತ್ರದ ಪುಟಗಳಿಗೆ ಗಾಢ ಕಂದು, ಬರಹದ ಪುಟಗಳಿಗೆ ತಿಳಿ ಕೆನೆ ಬಣ್ಣ ಎಂದು ತೀರ್ಮಾನವಾಯಿತು.

ಇನ್ನು ಕನ್ನಡ. ಇದನ್ನು ಯಾವ ಕಲಾವಿದರ ಸೈಟೂ ನನಗೆ ಕಲಿಸಲಿಲ್ಲ, ಯಾಕೆಂದರೆ ನಾನು ನೋಡಿದವೆಲ್ಲ ಇಂಗ್ಲಿಷ್. ಅಲ್ಲಿಂದ ಅಳತೆ ತಂದು ಇಲ್ಲಿ ಹಾಕಿದರೆ ಕೂರುವುದಿಲ್ಲ. ನಮಗೆ ಕೆಳಗೆ ಒತ್ತಕ್ಷರ, ಮೇಲೆ ಗುಣಿತ. ಇಂಗ್ಲಿಷಿಗೆ ಸಾಕಾಗುವ ಸಾಲಿನ ಅಂತರ ಹಾಕಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿತಕ್ಕೆ ತಾಗುತ್ತದೆ. ನಾನು ಲೈನ್-ಹೈಟ್ (ಸಾಲಿನ ಎತ್ತರ ಅಕ್ಷರದ ಗಾತ್ರದ ಎಷ್ಟು ಪಟ್ಟು ಎಂಬ ಲೆಕ್ಕ) ಅನ್ನು 1.7ಕ್ಕೆ ಏರಿಸಿದೆ, ಆಗ ಉಸಿರಾಡಲು ಜಾಗ ಬಂತು. ಇಂಗ್ಲಿಷ್ ಸೈಟುಗಳಲ್ಲಿ ಶೀರ್ಷಿಕೆಯ ಅಕ್ಷರಗಳನ್ನು ದೂರ ದೂರ ಇಡುವ ಚಂದ ಒಂದಿದೆ. ಕನ್ನಡಕ್ಕೆ ಅದನ್ನು ಹಾಕಬೇಡಿ, ಪದ ಒಡೆದು ಹೋದ ಹಾಗೆ ಕಾಣುತ್ತದೆ. ಓರೆ ಅಕ್ಷರವೂ ನಮ್ಮದಲ್ಲ, ಬ್ರೌಸರ್ ಸುಮ್ನೆ ನೆಟ್ಟಗಿನ ಅಕ್ಷರವನ್ನೇ ವಾಲಿಸುತ್ತದೆ. ಒತ್ತು ಕೊಡಬೇಕಾದ ಕಡೆ ದಪ್ಪ ಅಕ್ಷರ ಬಳಸಿ.

ಉದ್ದ ಪದಗಳದು ಇನ್ನೊಂದು ಕಾಟ. ಶ್ರೀರಾಮಪಟ್ಟಾಭಿಷೇಕ ಎಂದು ಶೀರ್ಷಿಕೆ ಹಾಕಿದರೆ ಚಿಕ್ಕ ಫೋನಿನಲ್ಲಿ ಪದ ಪರದೆಯಿಂದ ಹೊರಗೆ ಹೋಗುತ್ತಿತ್ತು. ಇಡೀ ಪುಟ ಪಕ್ಕಕ್ಕೆ ಜಾರುತ್ತಿತ್ತು. ಶೀರ್ಷಿಕೆಯ ಗಾತ್ರ ಪರದೆಯ ಅಗಲಕ್ಕೆ ತಕ್ಕಂತೆ ಕುಗ್ಗುವ ಹಾಗೆ ಮಾಡಿದೆ, ಓವರ್‌ಫ್ಲೋ-ರ‍್ಯಾಪ್ ಎಂಬ, ಉದ್ದ ಪದವನ್ನು ಮುರಿದು ಕೆಳಗಿಳಿಸುವ ಸಾಲು ಸೇರಿಸಿದೆ. ಮಾವ ಅದನ್ನು ಎರಡು ಪದವಾಗಿ ಬರೆಯಲು ಒಪ್ಪಿದ್ದರಿಂದ ಇನ್ನೂ ಸುಲಭವಾಯಿತು. ಪರದೆ ಚಿಕ್ಕದಾದಾಗ ಏನಾಗುತ್ತದೆ ಎಂದು ನೋಡಲು ಇನ್‌ಸ್ಪೆಕ್ಟ್ ತೆರೆದು ಕಂಟ್ರೋಲ್, ಶಿಫ್ಟ್, ಎಂ ಮೂರನ್ನೂ ಒಟ್ಟಿಗೆ ಒತ್ತಿ. ಬೇರೆಯವರ ಸೈಟುಗಳನ್ನೂ ಹೀಗೆ ಕುಗ್ಗಿಸಿ ನೋಡಿ, ಎಲ್ಲಿ ಮೂರು ಚಿತ್ರದ ಸಾಲು ಒಂದಾಗುತ್ತದೆ ಎಂದು ಗುರುತು ಹಾಕಿಕೊಳ್ಳಿ. ಚಿತ್ರಗಳನ್ನು ಜೋಡಿಸಲು ನಾನು ಬಳಸಿದ್ದು ಸಿಎಸ್‌ಎಸ್ ಗ್ರಿಡ್. 2017ರಿಂದ ಮುಖ್ಯ ಬ್ರೌಸರುಗಳಲ್ಲೆಲ್ಲ ಇದೆ, ಕಲಿಯಲೂ ಕಷ್ಟವಿಲ್ಲ.

ಅಕ್ಷರ ವಿನ್ಯಾಸಕ್ಕೆ ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾದವು ಇವೆ. ನೋಟೋ ಸ್ಯಾನ್ಸ್ ಕನ್ನಡ, ನೋಟೋ ಸೆರಿಫ್ ಕನ್ನಡ, ತಿರೋ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ. ಎಲ್ಲವನ್ನೂ ಹಾಕಿ ನೋಡಿದೆವು. ಬರಹಕ್ಕೆ ನೋಟೋ ಸೆರಿಫ್ ಉಳಿಸಿಕೊಂಡೆ. ಪುಟದ ಭಾಷೆ ಕನ್ನಡ ಎಂದು ಎಚ್‌ಟಿಎಂಎಲ್‌ನ ಶುರುವಿನಲ್ಲೇ ಹೇಳಿ. ಕಣ್ಣು ಕಾಣದವರಿಗೆ ಪುಟ ಓದಿ ಹೇಳುವ ತಂತ್ರಾಂಶಕ್ಕೆ ಅದು ಬೇಕು.

ಮಾವನ ಪರಿಚಯ, ಪ್ರದರ್ಶನಗಳ ಪಟ್ಟಿ, ಎಲ್ಲವೂ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಆಗಿದ್ದವು. ಅದನ್ನು ಹಾಗೇ ಪುಟಕ್ಕೆ ಹಾಕಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ಎಲ್ಲ ಸಾಧನಗಳೂ ಓದುವ ಯುನಿಕೋಡ್ ಸಂಕೇತಕ್ಕೆ ಬದಲಾಯಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಆದರೆ ಬದಲಾಯಿಸಿದ ಮೇಲೆ ಪ್ರತಿ ಸಾಲನ್ನೂ ಓದಿ. ಅರ್ಕಾವತ್ತು ಬಂದ ಕಡೆ ಅಕ್ಷರ ಹಿಂದೆ ಮುಂದೆ ಆಗಿರುತ್ತದೆ. ಅತ್ತೆ ಕೆಂಪು ಪೆನ್ನು ಹಿಡಿದು ಪ್ರಿಂಟ್ ಮೇಲೆ ತಿದ್ದಿಕೊಟ್ಟರು.

ಸೈಟನ್ನು ಇಂಟರ್ನೆಟ್‌ಗೆ ಏರಿಸುವ ಭಾಗವನ್ನು ಬೇಗ ಹೇಳಿಬಿಡುತ್ತೇನೆ. ಗಿಟ್‌ಹಬ್ ಪೇಜಸ್ ಎಂಬ, ಸೈಟಿನ ಫೈಲುಗಳನ್ನು ಇಡಲು ಜಾಗ ಕೊಡುವ ಸೇವೆಯಲ್ಲಿ ಇಟ್ಟಿದ್ದೇವೆ, ದುಡ್ಡಿಲ್ಲ. ಒಂದು ಸೈಟಿಗೆ 1 ಜಿಬಿ ಮಿತಿ. ಉಚಿತ ಖಾತೆಯಲ್ಲಿ ಫೈಲುಗಳೆಲ್ಲ ಎಲ್ಲರಿಗೂ ಕಾಣುತ್ತವೆ. ಹಾಗಾಗಿ ದೊಡ್ಡ ಮೂಲ ಫೋಟೋಗಳನ್ನು ಅಲ್ಲಿ ಹಾಕಬೇಡಿ, ಅಗಲ 1600 ಪಿಕ್ಸೆಲ್‌ಗೆ ಇಳಿಸಿದವನ್ನು ಮಾತ್ರ ಹಾಕಿ. ಸ್ಕ್ವೂಶ್ ಎಂಬ ಉಚಿತ ಸಾಧನದಲ್ಲಿ ಇಳಿಸಿದರೆ ಐದಾರು ಎಂಬಿಯ ಫೋಟೋ ಮುನ್ನೂರು ಕೆಬಿಗೆ ಬರುತ್ತದೆ. ಫೈಲಿನ ಹೆಸರಿನಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಎರಡನ್ನೂ ಬೆರೆಸಬೇಡಿ. ವಿಂಡೋಸ್‌ನಲ್ಲಿ ಎರಡೂ ಒಂದೇ. ಸರ್ವರ್‌ನಲ್ಲಿ ಬೇರೆ ಬೇರೆ. ಮನೆಯಲ್ಲಿ ಕಾಣುವ ಚಿತ್ರ ಅಲ್ಲಿ ಕಾಣದೇ ಇರಲು ಕಾರಣ ಹೆಚ್ಚಾಗಿ ಇದೇ.

ಡೊಮೈನ್ ಡಾಟ್ ಕಾಮ್ ತೆಗೆದುಕೊಂಡೆವು. ವರ್ಷಕ್ಕೆ ಸುಮಾರು ಸಾವಿರ ರೂಪಾಯಿ, ಅದರ ಮೇಲೆ 18% ಜಿಎಸ್‌ಟಿ. ಮೊದಲ ವರ್ಷದ ರಿಯಾಯಿತಿ ನೋಡಿ ಮರುಳಾಗಬೇಡಿ, ಎರಡನೇ ವರ್ಷದ ಬೆಲೆ ಎಷ್ಟು ಎಂದು ಕೇಳಿ. ಕೊಂಡ ಮೇಲೆ ಇಮೇಲ್ ಖಚಿತಪಡಿಸಿ ಎಂದು ಒಂದು ಸಂದೇಶ ಬರುತ್ತದೆ. 15 ದಿನದ ಒಳಗೆ ಅದರಲ್ಲಿರುವ ಲಿಂಕ್ ಒತ್ತದಿದ್ದರೆ ಹೆಸರು ಸ್ಥಗಿತವಾಗುತ್ತದೆ. ನಮ್ಮದು ಸ್ಪ್ಯಾಮ್ ಪೆಟ್ಟಿಗೆಯಲ್ಲಿ ಬಿದ್ದಿತ್ತು. ಡಿಎನ್‌ಎಸ್ ವಿವರ, ಅಂದರೆ ಈ ಹೆಸರು ಹೊಡೆದರೆ ಯಾವ ಸರ್ವರಿಗೆ ಹೋಗಬೇಕು ಎಂಬುದನ್ನು, ತುಂಬಿದ ಮೇಲೆ ಎಲ್ಲ ಕಡೆ ಹರಡಲು 48 ಗಂಟೆವರೆಗೂ ಆಗಬಹುದು. ನನ್ನ ಫೋನಿನಲ್ಲಿ ಕಾಣುತ್ತಿತ್ತು, ಮಾವನ ಫೋನಿನಲ್ಲಿ ಇಲ್ಲ. ಆ ಎರಡು ದಿನ ಅವರು ಗಂಟೆಗೊಮ್ಮೆ ಫೋನ್ ಮಾಡಿ "ಇನ್ನೂ ಬಂದಿಲ್ಲ ಕಣಮ್ಮ" ಎನ್ನುತ್ತಿದ್ದರು. ನಾನು "ಸ್ವಲ್ಪ ತಾಳಿ ಮಾವ, ಬರುತ್ತೆ" ಎನ್ನುತ್ತಿದ್ದೆ, ಒಳಗೊಳಗೇ ನನಗೂ ಭಯ. ಕೊನೆಗೆ ಬಂತು. ಹಳೆಯ ಶಿಷ್ಯರಿಗೆಲ್ಲ ಅವರೇ ಫೋನ್ ಮಾಡಿ ವಿಳಾಸ ಹೇಳಿದರು.

ಒಟ್ಟು ಖರ್ಚು: ಮೂರು ವರ್ಷದ ಡೊಮೈನ್, ಥರ್ಮಕೋಲ್, ಪ್ರಿಂಟು, ಓಡಾಟದ ಪೆಟ್ರೋಲು, ಎಲ್ಲ ಸೇರಿ ಐದು ಸಾವಿರದ ಒಳಗೆ. ಡೊಮೈನ್ ಅನ್ನು ಒಮ್ಮೆಗೆ 10 ವರ್ಷದವರೆಗೂ ಕಟ್ಟಬಹುದು. ಪಾಸ್‌ವರ್ಡ್‌ಗಳನ್ನು ಒಂದು ಕಾಗದದಲ್ಲಿ ಬರೆದು ಮಾವನ ಬೀರುವಿನಲ್ಲಿ ಇಟ್ಟಿದ್ದೇವೆ, ಎಲ್ಲಿದೆ ಎಂದು ಅತ್ತೆಗೂ ಗೊತ್ತು.

ಚಿತ್ರಗಳ ಬೆಲೆ ಹಾಕಬೇಕಾ ಎಂದು ಮಾವ ಕೇಳಿದರು. ನಾನು ನೋಡಿದ ಕಲಾವಿದರಲ್ಲಿ ಹೆಚ್ಚಿನವರು ಹಾಕಿಲ್ಲ. ಅಲ್ಲದೆ ಗಿಟ್‌ಹಬ್ ಪೇಜಸ್ ಅನ್ನು ಅಂಗಡಿಯಂತೆ ಬಳಸಲು ಅವರ ನಿಯಮ ಬಿಡುವುದಿಲ್ಲ. ಹಾಗಾಗಿ ಕೊಳ್ಳುವ ಬಟನ್ ಇಲ್ಲ, ಫೋನ್ ನಂಬರ್ ಮಾತ್ರ ಇದೆ. ಅದೂ ಮನೆಯ ನಂಬರ್ ಅಲ್ಲ, ಇದಕ್ಕೆಂದೇ ತೆಗೆದುಕೊಂಡ ಬೇರೆ ಸಿಮ್. ಸೈಟಿನಲ್ಲಿ ನಂಬರ್ ಹಾಕಿದ ದಿನದಿಂದ ಸಾಲ ಕೊಡುತ್ತೇವೆ ಎಂಬ ಕರೆಗಳು ಬರುತ್ತಲೇ ಇವೆ. ಹಾಗಾಗಿ ಈ ಬೇರೆ ಸಿಮ್‌ನ ಖರ್ಚನ್ನು ನೀವು ಲೆಕ್ಕದಲ್ಲಿ ಸೇರಿಸಿಯೇ ಇಟ್ಟುಕೊಳ್ಳಿ.